ಅರುವತ್ತು ಮುರಕಲ್ಲು

ಕೆತ್ತಿಕಲ್ಲಿನ ಏರಿನಲ್ಲಿ ರಾತ್ರಿ ಹನ್ನೊಂದೂವರೆಗೆ
ನಿಂತುಬಿಟ್ಟಿತ್ತು ಇಳಕಲ್ಲಿನ ಲಾರಿ.
ಬೆನ್ನ ಮೇಲೆ ಒಂದೇ ಒಂದು ಬಂಡೆ,
ಹಡಗು ಹತ್ತಲು ಹೊರಟದ್ದು,
ಮೈಮೇಲೆ ಬಿಳಿ ಬಣ್ಣದಲ್ಲಿ ಯಾರದೋ ನಂಬರು.
ಎಂಜಿನ್ ಸೀಜು. ಚಕ್ರದಡಿ ಒಂದು ತೆಂಗಿನ ಕೊರಡು,
ಅದೂ ಕೊಳೆತದ್ದು.
ಹಿಂದೆ ಗುರುಪುರದವರೆಗೆ ಹಾರ್ನು.

ಮೇಲಿಂದ ಇಳಿದೆವು ನಾವು,
ಮಿಲಿಟರಿ ಹರಾಜಿನ ಹಳೆಯ ನಿಸ್ಸಾನಿನಲ್ಲಿ,
ಎಡಕ್ಕೆ ಹಮ್ಮಬ್ಬ ಬ್ಯಾರಿಗಳು, ಸ್ಟೇರಿಂಗಿಗೆ ಮೊದಲ ಸಲ ನಾನು.

‘ಇದೇನ್ರೀ ಸಾವಕಾರ್ರ,
ಆನಿ ಎಳಿಯಾಕ ಕಪ್ಪಿ ತಂದೀರಲ್ರೀ!’
ಯಮನೂರಪ್ಪ ನಕ್ಕ; ನಗುವಾಗಲೂ
ಕಣ್ಣು ಆ ಕೊರಡಿನ ಮೇಲೆಯೇ ಇತ್ತು.

ಬ್ಯಾರಿಗಳು ಉತ್ತರ ಕೊಡಲಿಲ್ಲ.
ಟಾರ್ಚು ಹಿಂದಕ್ಕೆ ಬಿಟ್ಟರು.
ಅರುವತ್ತು ಮುರಕಲ್ಲು,
ಗೋಡೆ ಕಟ್ಟಿದ ಹಾಗೆ ಅಡ್ಡಡ್ಡ ಒಟ್ಟಿದ್ದು.
‘ಇದು ಯಾತಕ್ರೀ?’
‘ಹಗುರ ಇದ್ದವ ಎಳೆದರೆ
ಅವನ ಚಕ್ರ ಮಾತ್ರ ತಿರುಗುವುದು, ಮಾರಾಯ.’

ಅಷ್ಟು ಹೇಳಿ ಒಂದು ಕಲ್ಲು ಎತ್ತಿ
ಕೊರಡು ಇದ್ದಲ್ಲಿಗೆ ಕಾಲಿಂದ ಒತ್ತಿದರು.

ನಾಲ್ಕೂ ಚಕ್ರಕ್ಕೆ ಜೀವ ಕೊಡುವ ಆ ಗಿಡ್ಡ ಲಿವರು
ಕೈಗೆ ಸುಲಭದಲ್ಲಿ ಬರುವುದಿಲ್ಲ;
ಸಿಟ್ಟಿನ ಹೆಂಡತಿಯ ಹಾಗೆ ಎರಡು ಸಲ ಕರೆಯಬೇಕು
ಎಂದು ಬ್ಯಾರಿಗಳ ತಮಾಷೆ. ನನಗೆ ಮದುವೆ ಆಗಿರಲಿಲ್ಲ.
ಮೂರನೆಯ ಸಲ ಬಿದ್ದಿತು.

ಸರಪಳಿಯನ್ನು ಜಗ್ಗಬಾರದು.
ಅದರ ಸಡಿಲವನ್ನು ನಿಧಾನಕ್ಕೆ ತಿನ್ನಬೇಕು,
ಒಂದೊಂದೇ ಕೊಂಡಿ ನೆಲ ಬಿಟ್ಟೇಳುವುದು
ಬೆನ್ನಿಗೇ ಗೊತ್ತಾಗಬೇಕು.
ಗೊತ್ತಾಯಿತು.
ಬಾನೆಟ್ಟು ಒಮ್ಮೆ ಮುಖ ಎತ್ತಿತು, ಮತ್ತೆ ಇಳಿಸಿತು,
ಡಾಮರಿನ ಒಂದು ಹರಳು ಟೈರಿನಡಿ ಪಟ್ಟೆಂದಿತು,
ಆಮೇಲೆ
ರಸ್ತೆಯೇ ಹಿಂದೆ ಸರಿದ ಹಾಗೆ
ನಾವು ಹೊರಟೆವು.
ನಡೆಯುವವ ದಾಟಿ ಹೋಗುವಷ್ಟು ಮೆಲ್ಲಗೆ.
ದಾಟಿಯೂ ಹೋದ ಒಬ್ಬ, ಕೈಯಲ್ಲಿ ಮೀನಿನ ತೊಟ್ಟೆ,
ತಿರುಗಿ ನೋಡಲಿಲ್ಲ.

ನಮ್ಮ ಊರಿನ ಕಲ್ಲು, ಮಳೆಗೆ ಕರಗುವಂಥದ್ದು,
ಉಗುರಲ್ಲಿ ಕೆರೆದರೆ ಕೆಂಪು ಬರುವಂಥದ್ದು,
ಆ ಊರಿನ ಕಲ್ಲನ್ನು ಎಳೆಯುತ್ತ ಇತ್ತು.

ವಾಮಂಜೂರಿನಲ್ಲಿ ಸರಪಳಿ ಬಿಚ್ಚಿ ಕಬ್ಬಿಣದ ಸಲಾಕೆ ಹಾಕಿದೆವು.
ಏರುವಾಗ ಅದು ಹಿಂದಿರುವ ಭಾರ.
ಇಳಿಯುವಾಗ ಬೆನ್ನಟ್ಟುವ ಭಾರ.
‘ಟ್ಯಾಂಕಿನ್ಯಾಗ ಗಾಳಿ ನಾಕ ಬ್ರೇಕಿಗೆ ಅದ,’ ಅಂದ ಯಮನೂರಪ್ಪ,
ಬೆರಳು ತೋರಿಸಿ, ಮಗುವಿಗೆ ತೋರಿಸಿದ ಹಾಗೆ.
ಒಂದು ಹಾರ್ನು ಅಂದರೆ ಹಿಡಿ. ಎರಡು ಅಂದರೆ ಬಿಡು.

ಕುಡುಪಿಗೆ ಇಳಿಯುವ ತಿರುವಿನಲ್ಲಿ
ಕನ್ನಡಿಯ ತುಂಬ ಅವನ ಎರಡು ದೀಪ.
ಸಲಾಕೆ ಬಂದು ಕುತ್ತಿಗೆಗೆ ತಾಗಿದ ಹಾಗೆ.
ಒಂದು ಹಾರ್ನು.
ಉಸ್ಸ್.
ಮೂರು ಉಳಿಯಿತು.
ನಾಯಿಗೊಂದು. ಅಡ್ಡ ನುಗ್ಗಿದ ಕಾರಿಗೊಂದು.
ಮತ್ತೆ ಉಳಿದದ್ದು ಒಂದು, ಇಳಿತ ಅರ್ಧ.
ಬ್ಯಾರಿಗಳ ಕಡೆ ನೋಡಿದೆ. ಕಣ್ಣು ಮುಚ್ಚಿದ್ದರು.
ನಿದ್ದೆಯೋ, ದುವಾವೋ ಗೊತ್ತಿಲ್ಲ.
ಅವರ ತುಟಿ ಅಲುಗುತ್ತಿತ್ತು, ಗೇರು ಹಲ್ಲು ಕಚ್ಚಿತ್ತು,
ನನ್ನ ಹಾರ್ನಿನ ಬೆರಳು ಬಟನ್ನಿನ ಮೇಲೆ
ತಾಗದೆ ನಿಂತಿತ್ತು.

ಗ್ಯಾರೇಜಿನ ಗೇಟಿನಲ್ಲಿ ಕೊನೆಯದನ್ನು ಖರ್ಚು ಮಾಡಿದೆ.
ಉಸ್ಸ್, ಅಂದಿತು ಲಾರಿ;
ಮೂವರೂ ಅಂದೆವು.

ಯಮನೂರಪ್ಪ ಬುತ್ತಿ ಬಿಚ್ಚಿದ. ಖಡಕ್ ರೊಟ್ಟಿ, ಶೇಂಗಾ ಹಿಂಡಿ.
ಬ್ಯಾರಿಗಳಿಗೆ ಹಲ್ಲಿಲ್ಲ; ಚಹಾಕ್ಕೆ ಅದ್ದಿ ಅದ್ದಿ ತಿಂದರು.
ಕಪ್ಪೆಯ ಮಾತನ್ನು ಯಾರೂ ಎತ್ತಲಿಲ್ಲ.
ಅವನೇ ಹೋಗಿ, ಬಿಸಿ ಬಾನೆಟ್ಟಿನ ಮೇಲೆ
ಅಂಗೈ ಇಟ್ಟು ಬಂದ.

ಬೆಳಿಗ್ಗೆ ಎಣಿಸಿದರೆ ಐವತ್ತೊಂಬತ್ತು.
ಏರಿನಲ್ಲೇ ಬಿಟ್ಟೆವೆಂದು ಹುಡುಕಲು ಹೋದೆ;
ಅಲ್ಲಿ ಕೊಳೆತ ಕೊರಡು ಮಾತ್ರ ಇತ್ತು.

ಮೂರು ದಿನ ಬಿಟ್ಟು ಬಂದರಿನ ದಾರಿಯಲ್ಲಿ
ಹಾರ್ನು ಹಾಕಿ ದಾಟಿದ ಯಮನೂರಪ್ಪ. ಎರಡು ಸಲ.
ಕ್ಲೀನರಿನ ಸೀಟಿನಲ್ಲಿ, ಗೋಣಿ ಹಾಸಿನ ಮೇಲೆ,
ನಮ್ಮ ಕೆಂಪು ಕಲ್ಲು ಕೂತಿತ್ತು.