ಲಾಳದ ಲೆಕ್ಕ

ಕೈಮರದ ಚೆಕ್‌ಪೋಸ್ಟ್ ದಾಟಿ ನೂರು ಮಾರು,
ಪಂಚಾಯ್ತಿಯವರು ಹಾಕಿಸಿದ ಹಂಪ್ಸ್ ಮೇಲೆ
ಹೊಟ್ಟೆ ಕೊಟ್ಟು ಕೂತಿತ್ತು ಅದು.
ಮುಂದಿನ ಚಕ್ರ ಆಚೆ, ಹಿಂದಿನದು ಈಚೆ,
ನಡುವೆ ಬೀಡಿ ಕೂಡ ತೂರದು.

ಫೋನು ಮಾಡಿದವನು ಜೀಪಿನ ಮೊಯ್ದಿನ್:
"ಆಚಾರ್ರೇ, ಎರಡು ಹಲಗೆ, ಒಂದು ಜಾಕಿ ತಗೊಂಡು ಬನ್ನಿ.
ಕಾರೋ ಕಪ್ಪೆಯೋ ನೀವೇ ನೋಡಿ ಹೇಳಿ."

ಅದರ ಬಣ್ಣಕ್ಕೆ ನನ್ನ ಹತ್ತಿರ ಹೆಸರಿಲ್ಲ,
ನೇರಳೆ ತಿಂದ ನಾಲಿಗೆಯಂಥದ್ದು ಅನ್ನಬಹುದು.
ಒಡೆಯನಿಗೆ ಮೂವತ್ತು ಆಗಿದ್ದರೆ ಹೆಚ್ಚು.
ಗಿರಿಯ ತಿರುವಿನಲ್ಲಿ ಫೋಟೋ ತೆಗೆಸಲು
ಚಿಕ್ಕಮಗಳೂರಿನ ತನಕ ಲಾರಿಯೊಳಗೆ ಮಲಗಿಸಿ ತಂದಿದ್ದ.
"ಎಷ್ಟು ಕುದುರೆ?" ಅಂದೆ.
"ಸಾವಿರದ ಆರುನೂರು" ಅಂದ,
ಮನೆದೇವರ ಹೆಸರು ಹೇಳುವಾಗಿನ ತಗ್ಗಿದ ದನಿಯಲ್ಲಿ.

ನನ್ನಜ್ಜ ಪೇಟೆಯಲ್ಲಿ ಜಟಕಾ ಕುದುರೆಗಳಿಗೆ
ಲಾಳ ಕಟ್ಟುತ್ತಿದ್ದವನು.
ಕುದುರೆಗೆ ನಾಲ್ಕು ಕಾಲು, ಕಾಲಿಗೊಂದು ಲಾಳ,
ಲಾಳಕ್ಕೆ ಏಳು ಮೊಳೆ.
ಹಲಗೆ ತುರುಕುತ್ತ ಮನಸ್ಸಿನಲ್ಲೇ ಗುಣಿಸಿದೆ:
ನಲವತ್ತನಾಲ್ಕು ಸಾವಿರದ ಎಂಟುನೂರು ಮೊಳೆ.
ಅಜ್ಜ ಇದ್ದಿದ್ದರೆ ಮುಂಗಡ ಕೇಳುತ್ತಿದ್ದ.
ಆಮೇಲೆ, ಹುರುಳಿ ಯಾರು ಬೇಯಿಸ್ತಾರೆ,
ಲದ್ದಿ ಎಲ್ಲಿ ಸುರೀತಾರೆ?

ನಗಬೇಡಿ. ನಾನೂ ಇದೇ ರೋಗದವನು.

ತೊಂಬತ್ತೇಳನೇ ಇಸವಿ, ಲಿಗೋರಿ ಮೇಸ್ತ್ರಿಗಳ ಶೆಡ್ಡು.
ರ‍್ಯಾಲಿಗೆ ಹನ್ನೊಂದು ದಿನ, ಎಸ್ಟೇಟ್ ಹುಡುಗರ ಜಿಪ್ಸಿ.
ಹೆಡ್ಡನ್ನು ಅರ್ಧ ಮಿಲಿಮೀಟರು ಒರೆದು ತೆಗೆದೆವು,
ಗಾಳಿ ಹೋಗುವ ದಾರಿಯ ಒಳಗೋಡೆಯನ್ನು
ಎಮರಿ ಕಾಗದ ಸುತ್ತಿದ ಬೆರಳಿನಿಂದ ಉಜ್ಜಿದೆವು,
ಎಳೆಕೂಸಿನ ಕಿವಿ ಒರೆಸಿದ ಹಾಗೆ.
ರಾತ್ರಿ ಎರಡಕ್ಕೆ ಮೂಗಿಗೆಲ್ಲ ಗ್ರೀಸು ಬಳಿದುಕೊಂಡು
"ಧರ್ಮಾ, ಮೂರು ಕುದುರೆ ಸಿಕ್ಕಿತು" ಅಂದರು ಮೇಸ್ತ್ರಿ.

ಬರೀ ಮೂರು.
ಅಳೆಯಲು ಯಂತ್ರವಿರಲಿಲ್ಲ, ಕಿವಿಯಿತ್ತು.
ಆ ಮೂರಕ್ಕೆ ನನ್ನ ಹೆಂಡತಿಯ ಒಂದು ಬಳೆ,
ಕಿಡಿ ಹಾರಿ ಮಂಜಾದ ಮೇಸ್ತ್ರಿಗಳ ಎಡಗಣ್ಣು.
ಎರಡನೇ ಸ್ಟೇಜಿನಲ್ಲಿ ಗ್ಯಾಸ್ಕೆಟ್ ಸೀಳಿ
ಮೂರೂ ಹಗ್ಗ ಕಿತ್ತು ಓಡಿಹೋದವು
ಬಿಳಿ ಹೊಗೆಯಾಗಿ, ಯಾರದೋ ಕಾಫಿ ಗಿಡಗಳ ಮೇಲೆ.
ಮೇಸ್ತ್ರಿ ಬೈಯಲಿಲ್ಲ.
"ಮುಂದಿನ ಸಲ ನಾಲ್ಕು" ಅಂದರು.

ಅದಕ್ಕೇ ಈ ಹುಡುಗನ ಮೇಲೆ ಸಿಟ್ಟು ಬರಲಿಲ್ಲ.
ಎಲ್ಲೋ ಚಳಿದೇಶದ ಗಾಜಿನ ಕೋಣೆಯಲ್ಲಿ
ಬಿಳಿ ಕೋಟಿನ ಒಬ್ಬಾತ, ರಾತ್ರಿ ಎರಡಕ್ಕೆ,
ಸಾವಿರದ ಐನೂರ ತೊಂಬತ್ತೇಳಕ್ಕೆ
ಕೊನೆಯ ಮೂರನ್ನು ಸೇರಿಸಿರುತ್ತಾನೆ.
ಆ ಮೂರು ನನಗೆ ಗೊತ್ತು.
ಉಳಿದವುಗಳ ಪರಿಚಯವಿಲ್ಲ.

ಹಿಂದೆ ಬಸ್ಸಿನ ಹಾರನ್ನು. ಕೆಲಸದಾಳುಗಳ ಜೀಪು ನಾಲ್ಕು.
ಜಾಕಿ ಏರಿತು, ಹಲಗೆ ಕಚ್ಚಿತು,
ಮದುಮಗಳು ಹೊಸ್ತಿಲು ದಾಟುವ ಹಾಗೆ
ಅಷ್ಟೂ ಕುದುರೆ ಒಂದೊಂದೇ ಇಂಚು ದಾಟಿದವು.
ಹುಡುಗ ಐನೂರರ ನೋಟು ತೆಗೆದ.
"ಅದಿರಲಿ, ಒಂದ್ಸಲ ಅದುಮಲಾ?" ಅಂದೆ.

ಗೇರಿಲ್ಲದೆ, ಕಾಲುಬೆರಳಿನ ತುದಿಯಿಂದ.
ಹೋಟೆಲಿನ ಕಟ್ಟೆ ಮೇಲಿನ ಗಾಜಿನ ಲೋಟಗಳು
ಒಂದಕ್ಕೊಂದು ಹಲ್ಲು ಕಡಿದವು.
ನಾಯಿ ಎದ್ದು, ಯಾರಿಗೆ ಬೊಗಳುವುದೆಂದು ತಿಳಿಯದೆ
ಮತ್ತೆ ಕೂತಿತು.
ನನ್ನ ಪಕ್ಕೆಲುಬಿನೊಳಗೆ ಯಾರೋ
ಇಡೀ ಒಂದು ಲಾಯದ ಬಾಗಿಲು ತೆಗೆದರು.
ಕಣ್ಣಲ್ಲಿ ನೀರು. ಪೆಟ್ರೋಲಿನ ಘಾಟು ಅಂದೆ.

"ಮೇಲೆ ಇನ್ನೂ ಒಂಬತ್ತು ಹಂಪ್ಸ್ ಐತೆ" ಅಂದ ಮೊಯ್ದಿನ್.
ಈಗ ನಾನು ಮುಂದೆ, ಹೆಗಲ ಮೇಲೆ ಹಲಗೆ,
ಲಗಾಮಿಲ್ಲದ ಕಾಸ್ತಾರ.
ಬೆನ್ನ ಹಿಂದೆ ನಡಿಗೆಯ ವೇಗದಲ್ಲಿ
ಸಾವಿರದ ಆರುನೂರರ ಉಸಿರು.
ಕಿವಿ ಸುಮ್ಮನಿರುವುದಿಲ್ಲ:
ಎಡಸಾಲಿನಲ್ಲಿ ಒಂದು ಕುದುರೆ ಕುಂಟುತ್ತಿದೆ.
ಕೂದಲೆಳೆಯಷ್ಟು. ಒಡೆಯನಿಗೆ ಗೊತ್ತಿಲ್ಲ.
ಮೂರನೇ ಹಂಪ್ಸ್ ಬರಲಿ, ಹೇಳಿದರಾಯಿತು.