ಹದಿನೈದನೇ ತಾರೀಕು

ಹದಿನಾಲ್ಕರಂದು ನಾನು ಮನೆಯವರಿಗೆ ಸಿಗುವುದಿಲ್ಲ.
ಬೆಳಗಿನ ಐದಕ್ಕೆ ದುರ್ಗಿಗುಡಿಯ ಬೇಕರಿ ಹೊಕ್ಕರೆ
ರಾತ್ರಿ ಹನ್ನೊಂದೂವರೆಗೆ ಹೊರಗೆ ಬೀಳುವುದು.
ಬೆಣ್ಣೆಕಾಗದದ ಕೋನು ಹಿಂಡಿ ಹಿಂಡಿ
ಈ ಸಲ ಅರವತ್ತೆರಡು ಹೃದಯದ ಮೇಲೆ ಹೆಸರು ಬರೆದೆ.
ಐಶು. ಮನು. ಪುಟ್ಟಕ್ಕಿ.
ಒಬ್ಬ ಬರೀ 'ಸಾರಿ' ಅಂತ ಬರೆಸಿಕೊಂಡು
ಡಬ್ಬಿ ತಬ್ಬಿಕೊಂಡು ಓಡಿದ.
ಸಾಹುಕಾರರ ಲೆಕ್ಕ: ಅರ್ಧ ಕೇಜಿಗೆ ನಾಲ್ಕೇ ಅಕ್ಷರ,
ಅದೂ ಕನ್ನಡದಲ್ಲಿ,
ಇಂಗ್ಲಿಷು ಕ್ರೀಮು ಜಾಸ್ತಿ ಕುಡಿಯುತ್ತೆ.

ನನ್ನ ಹೆಂಡತಿ ರಾಜರಾಜೇಶ್ವರಿ. ಆರು ಅಕ್ಷರ.
ಮುಕ್ಕಾಲು ಕೇಜಿ ಬೇಕು ಅವಳ ಹೆಸರಿಗೆ.
ಒಂಬತ್ತು ವರ್ಷದಿಂದ ರಾಜಿ ಅನ್ನುತ್ತೇನೆ,
ಅವಳೂ ಓ ಅನ್ನುತ್ತಾಳೆ.

ನಮ್ಮ ಹಬ್ಬ ಮಾರನೇ ದಿನ.
ಗಾಂಧಿ ಬಜಾರಿನಲ್ಲಿ ನಿನ್ನೆ ನಲವತ್ತಕ್ಕೂ ಬಗ್ಗದ ಗುಲಾಬಿ
ಇವತ್ತು ಹತ್ತಕ್ಕೆ ಮೂರು,
ಕತ್ತು ಸ್ವಲ್ಪ ವಾಲಿದೆ ಅಷ್ಟೆ.
ಯಾರೂ ಒಯ್ಯದೆ ಉಳಿದ ಕೇಕೊಂದು
ಅರ್ಧ ರೇಟಿಗೆ ನನ್ನ ಸಂಬಳದ ಚೀಟಿಗೆ ಏರಿತು.
ಮೇಲೆ ನನ್ನದೇ ಕೈಬರಹ: ರಾಧಿಕಾ.

ಕೂಡ್ಲಿಗೆ ಹೋಗೋಣ ಅಂದದ್ದು ಅತ್ತೆ ಹಾಲಮ್ಮ.
ಖಾಸಗಿ ಬಸ್ಸು ಮೂರು ಬಂದವು, ಕೈ ಒಡ್ಡಲಿಲ್ಲ;
ಮುಕ್ಕಾಲು ಗಂಟೆ ಕಾದು ಕೆಂಪು ಬಸ್ಸು ಹತ್ತಿದೆವು.
ಅತ್ತೆಗೆ ಸೊನ್ನೆ, ರಾಜಿಗೆ ಸೊನ್ನೆ, ಮಗಳು ಸಿಂಚುಗೆ ಸೊನ್ನೆ,
ನನಗೊಂದು, ದೀಕ್ಷಿಗೆ ಅರ್ಧ.
"ನಾನೂ ಹುಡುಗಿ ಆಗ್ಬೇಕಿತ್ತು" ಅಂದ ಅವನು.
ಕಂಡಕ್ಟರು ನಕ್ಕ, ಅರ್ಧ ಮಾತ್ರ ಬಿಡಲಿಲ್ಲ.
ಕೇಕು ಅತ್ತೆಯ ತೊಡೆ ಮೇಲೆ,
ಹಂಪ್ ಬಂದಾಗಲೆಲ್ಲ ಕೂಸಿನ ನೆತ್ತಿ ಹಿಡಿದಂತೆ
ಡಬ್ಬಿ ಹಿಡಿದರು.

ತುಂಗೆ ಈಚೆಯಿಂದ, ಭದ್ರೆ ಆಚೆಯಿಂದ,
ಬಿಸಿಲಿಗೆ ಇಬ್ಬರೂ ಸೊರಗಿ
ಗಡಿಬಿಡಿಯಿಲ್ಲದೆ ಸೇರುತ್ತಿದ್ದರು.
ಅತ್ತೆ ತುಂಗೆಯ ಬದಿಯಿಂದಲೇ ಬಾಟಲಿ ತುಂಬಿಕೊಂಡರು.
ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿದೆ.
ಚಿತ್ರಾನ್ನದ ಚಮಚದಲ್ಲಿ 'ಧಿಕಾ' ಕೆರೆದು
ಅಲ್ಲೊಂದು 'ಜಿ' ಬರೆಯುವ ಉಪಾಯ ನನ್ನದು,
ಹಾಲಿನ ಕವರಿನಲ್ಲಿ ಚೂರು ಕ್ರೀಮು ಕದ್ದು ತಂದಿದ್ದೆ.
ರಾಜಿ ಕೈ ಹಿಡಿದಳು:
"ಬಿಡಿ, ಅಳಿಸ್ಬೇಡಿ. ಪಾಪ, ಅದ್ಯಾರೋ ಏನೋ.
ಆ ಹುಡುಗನಿಗೆ ದುಡ್ಡು ಸಾಲ್ಲಿಲ್ವೋ,
ಇವಳೇ ಬೇಡ ಅಂದ್ಳೋ.
ಅವಳ ಹೆಸರಲ್ಲೇ ತಿನ್ನೋಣ."
ಆರು ತುಂಡು ಮಾಡಿದಳು. ನಾವು ಐದು ಜನ.

ಆಗ ಅತ್ತೆ, ಯಾರೂ ಕೇಳದೆ,
"ನಂಗೆ ಪಕೋಡ ಇಷ್ಟ ಅಂತ ನಿಮ್ಮ ಮಾವ ಒಂದ್ಸಲ
ಭದ್ರಾವತಿ ಸಂತೆಯಿಂದ ಒಂದು ಕೇಜಿ ಈರುಳ್ಳಿ
ಜಾಸ್ತಿ ತಂದಿದ್ರು" ಅಂದರು.
ಮುಂದೆ ಏನೂ ಹೇಳಲಿಲ್ಲ.
ಮೂರನೇ ಗುಲಾಬಿ ಅವರ ಎಲೆಅಡಿಕೆ ಚೀಲ ಸೇರಿದ್ದನ್ನು
ನಾನು ನೋಡಿಲ್ಲ ಅಂತಲೇ ಇಟ್ಟುಕೊಂಡಿದ್ದೇನೆ.

ವಾಪಸು ಬಸ್ಸಿನಲ್ಲಿ ದೀಕ್ಷಿ
ರಾಧಿಕಾಳ ಪಾಲನ್ನೂ ಮುಗಿಸಿದ:
"ಅವಳು ಬರ್ಲಿಲ್ವಲ್ಲ."
ಹೊಳೆಹೊನ್ನೂರು ರಸ್ತೆ ಕತ್ತಲಾಗಿತ್ತು.
ಮಕ್ಕಳು ಅಜ್ಜಿಯ ಎರಡು ಬದಿಗೂ ಒರಗಿ ನಿದ್ದೆ,
ನಮಗಿಬ್ಬರಿಗೆ ಜೋಡಿ ಸೀಟು ಸಿಕ್ಕಿತ್ತು.
ರಾಜಿ ನನ್ನ ಅಂಗೈ ಬಿಡಿಸಿ ಮೂಸಿ ನೋಡಿದಳು,
"ಇನ್ನೂ ವೆನಿಲಾ."
ಆಮೇಲೆ ಬಾಟಲಿಯ ತುಂಗೆಯಲ್ಲಿ ಬೆರಳದ್ದಿ
ಬರೆಯತೊಡಗಿದಳು: ರಾ, ಜ,
ಮತ್ತೊಂದು ರಾ.
ಅಂಗೈ ಅಲ್ಲಿಗೇ ಮುಗಿಯಿತು.
ಅವಳು ನಿಲ್ಲಿಸಲಿಲ್ಲ.
ಜೇ ಮಣಿಕಟ್ಟಿಗೆ ಬಂತು,
ಶ್ವ ಗಡಿಯಾರದ ಪಟ್ಟಿ ದಾಟಿತು,
ರಿ ಎಲ್ಲೋ ಮೊಳಕೈ ಹತ್ತಿರ.