ಮಸಿ ಹತ್ತದ ಜಾಗಾ

ಬೋರ್ಡಿನ ಮ್ಯಾಲ ಹದಿಮೂರು ಹೆಸರು ಇದ್ದೂ.
ಹದಿನಾಲ್ಕನೇದ್ದು ಬರೀಲಿಕ್ಕೆ ಬಂದ ಪೇಂಟರ್
ಕುಂಚ ಎತ್ತಿ ಹಿಡದು ಕೇಳಿದ:
'ಕುಲಪತಿ ಅಂತನ ಬರೀಲ್ರ್ಯಾ, ಬಾಯಾರ?'
ರಿಜಿಸ್ಟ್ರಾರರು ಸುಮ್ಮನ ಕೆಮ್ಮಿದರು.
ಬಾಯಾರು ನಕ್ಕರು: 'ಕಲ್ಲಿನ್ಯಾಗ ಅರಸಿ ಅಂತ ಐತಿ, ಹೆಗ್ಗಡಿತಿ ಅಂತ ಐತಿ,
ನಿಮ್ಮ ಕಾಯ್ದೆದಾಗ ಪತಿ ಒಬ್ಬನ ಅದಾನ.
ಬರಿಯಪ್ಪಾ. ಅಕ್ಷರ ಮಾತ್ರ ನೆಟ್ಟಗ ಇರಲಿ.'

ಡಾ. ಹುಲಿಗೆವ್ವ ದುರ್ಗಪ್ಪ ವಡ್ಡರ.
ಅಡ್ಡಹೆಸರಿಗೆ ಬಂದಾಗ ಪೇಂಟರನ ಕೈ ಚೂರು ತಡೀತು.
ನಾ ನೋಡಿದೆ. ಅವರೂ ನೋಡಿದರು.

ನಾನು ಮೌಲಾಸಾಬ, ವಿಭಾಗದ ಜವಾನ.
ಮೂವತ್ತೊಂದು ವರ್ಷ ಅವರ ಹಿಂದ
ನೀರಿನ ಕೊಡ, ಬ್ರಷ್, ಮಸಿ ಡಬ್ಬಿ ಹೊತ್ತಾಂವ.
ಹಸೀ ಕಾಗದ ಕಲ್ಲಿಗೆ ಹಚ್ಚಿ
ಬ್ರಷ್‌ಲೆ ಬಡದು ಬಡದು ಅಕ್ಷರದ ತಗ್ಗಿಗೆ ಇಳಿಸಿ
ಮ್ಯಾಲ ಮಸಿ ಉಂಡಿಲೆ ತಟ್ಟಬೇಕು.
ಮೊದಲನೇ ಸಲ ನಾನು ತಗ್ಗಿಗೂ ಮಸಿ ತುಂಬಿದ್ದೆ.
ಬೈಲಿಲ್ಲ.
'ಮೌಲಾ, ಮಸಿ ಹತ್ತಿದ್ದು ಬರೇ ಕಲ್ಲು.
ಹತ್ತಲಾರದ್ದು ಐತಲ್ಲ, ಅದು ಮಾತು.'

ಅವರಪ್ಪ ಗದಗಿನ ಓಣಿ ಓಣಿ ತಿರುಗಿ
ಬೀಸುಕಲ್ಲಿಗೆ ಮುಳ್ಳು ಹಾಕಾಂವ.
ಕೈಯಾಗ ಚಾಣ, ಸುತ್ತಿಗಿ; ಹೆಗಲ ಮ್ಯಾಲ ಮಗಳು.
ಓದಾಕ ಬರತಿದ್ದಿಲ್ಲ. ಕಲ್ಲು ಬಡದು
ಒಳಗ ಬಿರುಕು ಐತೋ ಇಲ್ಲೋ ದನಿಮ್ಯಾಲ ಹೇಳತಿದ್ದ.
ಸಂದರ್ಶನದಾಗ ಬಾಯಾರು ಮಂದೀನ್ನ ಹಂಗ ನೋಡತಿದ್ರು:
ಪ್ರಶ್ನಾ ಕೇಳಿ, ಕಣ್ಣು ಮುಚ್ಚಿ.

ರೋಣದ ಕಡೆ ಒಂದು ಊರಾಗ
ಹಳ್ಳದ ದಂಡಿಗೆ ಹೆಂಗಸರು ಅರಿವಿ ಒಗಿಯೋ ಕಲ್ಲು
ಶಾಸನ ಇತ್ತು. ಅರ್ಧ ದಾನ ಸಬಕಾರದಾಗ ಹೋಗಿತ್ತು.
ಬ್ಯಾರೇದವರಾಗಿದ್ರ ಪೊಲೀಸರ ಹೆಸರು ಹೇಳತಿದ್ರು.
ಬಾಯಾರು ಅಪ್ಪನ್ನ ಕರಕೊಂಡು ಬಂದು
ಅದಕಿಂತ ಅಗಲಾದ್ದೊಂದು ಕಲ್ಲು ಕಡಸಿ ಕೊಟ್ಟು
ಹಳೇದನ್ನ ಬಂಡ್ಯಾಗ ಹೇರಿಸಿದರು.
ಆ ಅಚ್ಚಿನ ಮ್ಯಾಲ ಅವರ ಪಿಎಚ್‌ಡಿ ನಿಂತದ.
ಕಲ್ಲು ಕಡದಾಂವನ ಹೆಸರು ಅಡಿಟಿಪ್ಪಣಿಯಾಗ ಐತಿ.

ಕುರ್ಚಿ ಮ್ಯಾಲ ನಾಲ್ಕು ವರ್ಷ.
ಒಂದು ಫೈಲ್ ಬಂತು, ಕೆಂಪು ದಾರ ಕಟ್ಟಿ,
ಒಳಗ ನಲವತ್ತೆರಡು ಹೆಸರು. ಫೋನು ಮುಂಚೇನ ಬಂದಿತ್ತು.
ನಾನ ಇಟ್ಟು ಬಂದೆ ಟೇಬಲ್ ಮ್ಯಾಲ.
ನಾಲ್ಕು ಸಲ ಹೋತು, ನಾಲ್ಕು ಸಲ ಬಂತು.
ಗೇಟಿಗೆ ಘೋಷಣೆ, ಪೇಪರಿನ್ಯಾಗ ಜಾತಿ,
ವಿಚಾರಣಾ ಸಮಿತಿಯವರು ಚಹಾದ ಲೆಕ್ಕ ಸುದ್ದಾ ಕೇಳಿದರು.
ಸಹಿ ಮಾಡೋ ಜಾಗಾ ಕಡೀತನಕ ಬೆಳ್ಳಗ ಇತ್ತು.
ಅದನ್ನ ಓದಾಕ ನನಗ ಬರತಿತ್ತು.

ಎಲ್ಲಾ ಗೆದ್ದರಂತ ಹೇಳಾಂಗಿಲ್ಲ.
ಹಾಸ್ಟೇಲಿನ ನೀರು ಸರಿ ಆಗಲಿಲ್ಲ.
ಪುಸ್ತಕದ ಎರಡನೇ ಭಾಗ ಹಂಗ ಉಳೀತು,
ಕಪಾಟದಾಗ ಅಚ್ಚಿನ ಸುರುಳಿಗೆ ಹುಳ ಬಿದ್ದೂ.
ಅಪ್ಪ ಸತ್ತ ದಿನ ಸಿಂಡಿಕೇಟ್ ಸಭಾ ಇತ್ತು.

ಬೋರ್ಡು ಬರದ ಮರುದಿನ, ಸರಕಾರಿ ಕಾರು ವಾಪಸ್ ಕೊಟ್ಟು,
ಧಾರವಾಡದಿಂದ ಬಸ್ಸಿಗೆ ಹೊಂಟಿವಿ ಇಬ್ರೂ:
ಅಣ್ಣಿಗೇರಿ, ಗದಗ, ಆ ಹಳ್ಳದ ದಂಡಿ.
ಅಪ್ಪನ ಕಲ್ಲು ಅಲ್ಲೇ ಇತ್ತು, ನಡುವ ಸವದು ನುಣ್ಣಗಾಗಿ.
ಒಬ್ಬಾಕಿ ಕೌದಿ ಒಗೀತಿದ್ಲು; ಮುಗಿಯೂತನಕ ಕಾದಿವಿ.
'ಮೌಲಾ, ಇದರದೊಂದು ಅಚ್ಚು ತಗಿ.'
'ಇದರಾಗ ಏನೂ ಬರದಿಲ್ಲಲ್ರೀ ಬಾಯಾರ.'
'ತಗಿ.'

ತಗದೆ. ನಡುವ ಬರೇ ಕಪ್ಪು;
ಅಂಚಿಗುಂಟ ಸಾಲು ಹಿಡದು ಬಿಳೇ ಚುಕ್ಕಿ,
ಚಾಣದ ಮೊನಿ ಬಿದ್ದಲ್ಲೆಲ್ಲಾ.
ಗಾಳಿ ಇತ್ತು. ನಾನೊಂದು ಮೂಲಿ, ಅವರೊಂದು ಮೂಲಿ
ಹಿಡಕೊಂಡು ನಿಂತಿವಿ.
ಬಾಯಾರ ಕಣ್ಣು ಎಡದಿಂದ ಬಲಕ್ಕ ಸರೀತಿತ್ತು,
ಒಂದು ಸಾಲು ಮುಗದ ಮ್ಯಾಲ ಮುಂದಿನ ಸಾಲು.